ಹಿಂದಿನ ಗಾಲಿಯ ಮಾತು

ಹೋದ ವರ್ಷ ಒಂದ ತಿಂಗಳದಾಗ ನನ್ನ ಮಗಳ ಸೈಕಲ್ ಮೂರ ಸಲ ಪಂಚರ್ ಆತು. ಮೂರೂ ಸಲ ಹಿಂದಿನ ಗಾಲಿನ. ಮೂರನೇ ಸಲ ಅಕಿ ಸೈಕಲ್ ನೂಕ್ಕೊಂತ ತೋಟದ ಮನಿ ಮುಟ್ಟೂದರಾಗ ದೀಪ ಹಚ್ಚೂ ಹೊತ್ತಾಗಿತ್ತು. ದಾರಿ ಎರಡೂ ಕಡೆ ಆಳೆತ್ತರ ಕಬ್ಬು. ಕಟ್ಟಿ ಮ್ಯಾಲ ಕುಂತಿದ್ದ ನಮ್ಮ ಮಾವಾರು ಸಿಟ್ಟ ಮಾಡಲಿಲ್ಲ, ಸಾವಕಾಶ ಒಂದ ಮಾತ ಅಂದ್ರು: "ನಾಳಿಂದ ಸೈಕಲ್ ಬ್ಯಾಡ. ಬಸ್ಸಿಗೆ ಹೋಗ್ಲಿ."

ಅಕ್ಕಾರ, ವೈನಿಯಾರ, ನಮ್ಮ ಕಡೆ ಹುಡುಗೀರ ಸೈಕಲ್ ನಿಲ್ಲೂದ ಹಿಂಗನ. "ಹೆಣ್ಣಮಕ್ಕಳು ಸೈಕಲ್ ಹೊಡೀಬಾರದು" ಅಂತ ಈಗ ಯಾರೂ ಬಾಯಿಬಿಟ್ಟ ಹೇಳೂದಿಲ್ಲ. ಎರಡ ಪಂಚರ್, ಒಂದ ತಡ ಸಂಜಿ, ಅಷ್ಟ ಸಾಕು. ಸೈಕಲ್ ದನದ ಕೊಟಗ್ಯಾಗ ಗ್ವಾಡಿಗೆ ಒರಗತೈತಿ, ಆಮ್ಯಾಲ ಅದರ ಮ್ಯಾಲ ಕೋಳಿ ಕೂಡ್ತಾವ. ಅದಕ್ಕ ನಾ ಹೇಳೂದು: ಗೇರಿನ ಸೈಕಲ್ಲಿಗೆ ಹಿಂದಿನ ಟಾಯರ್ ಆರಿಸೂದು ಗಂಡಸರ ಕೆಲಸ, ಅಂಗಡಿಯವನ ಕೆಲಸ ಅಂತ ಬಿಡಬ್ಯಾಡ್ರಿ. ಅದು ನಮ್ಮ ಮನಿ ಕೆಲಸ.

"ಬಸ್ ಫುಕಟ್ ಐತಲ್ಲ, ಸೈಕಲ್ ಯಾಕ?" ಅಂತ ನಮ್ಮ ಬಾಜೂಮನಿ ಕಾಕೂನೂ ಕೇಳಿದ್ರು. ಖರೇ ಐತಿ. 2023ರ ಜೂನ್ 11ಕ್ಕ ಶಕ್ತಿ ಯೋಜನೆ ಸುರು ಆದಾಗಿಂದ ನಮಗ ಟಿಕೀಟಿನ ಚಿಂತಿ ಇಲ್ಲ. ನಾನೂ ಅದರಾಗನ ತವರಮನಿಗೆ ಹೋಗಿ ಬರ್ತೀನಿ. ಆದ್ರ ಬಸ್ ಡಾಂಬರ್ ರಸ್ತೆ ಬಿಟ್ಟ ಒಳಗ ಬರೂದಿಲ್ಲ. ಚಿಕ್ಕೋಡಿ, ರಾಯಬಾಗ, ಕಾಗವಾಡ ಕಡೆ ಎಷ್ಟ ಮಂದಿ ತೋಟದಾಗ ಮನಿ ಮಾಡ್ಕೊಂಡೀವಿ ಹೇಳ್ರಿ! ನಮ್ಮ ಮನಿಯಿಂದ ಬಸ್ ನಿಲ್ಲೂ ಜಾಗಾಕ್ಕ ಎರಡ ಕಿಲೋಮೀಟರ್ ಹೊಲದ ದಾರಿ. ಅದನ್ನ ನಡೀಬೇಕು, ಬಸ್ ಕಾಯಬೇಕು, ತುಂಬಿ ಬಂದ್ರ ಮುಂದಿನ ಬಸ್ ನೋಡಬೇಕು. ಸೈಕಲ್ ಅಂದ್ರ ಅಕಿ ಹೊತ್ತು ಅಕಿ ಕೈಯಾಗ. ನಮ್ಮ ರಾಜ್ಯದಾಗ ಎಂಟನೇತ್ತ ಮಕ್ಕಳಿಗೆ 2006-07ರಿಂದ ಸರಕಾರದಾವ್ರು ಸೈಕಲ್ ಕೊಡಾಕ ಹತ್ತಿದಾಗ ಎಷ್ಟ ಹುಡುಗೀರು ಸಾಲಿ ಬಿಡೂದು ತಪ್ಪಿತು ಅನ್ನೂದನ್ನ ನಾವು ನಮ್ಮ ಓಣ್ಯಾಗನ ನೋಡೀವಿ.

ನಾ ಮಾಡಿದ ತಪ್ಪ ಮೊದಲ ಹೇಳತೇನಿ. ಮೊದಲಿನ ಟಾಯರ್ ಸವದಾಗ ಭಾವನ ಮಗಾ ಸಂಗಟ ಹೋಗಿ ಒಂದ ತಂದಾ. ದೊಡ್ಡ ದೊಡ್ಡ ಹಲ್ಲು, ನೋಡಾಕ ಟ್ರ್ಯಾಕ್ಟರ್ ಟಾಯರ್ ಇದ್ದಂಗ. "ಕಾಕು, ಇದು ಗಟ್ಟಿ" ಅಂದಾ. ಡಾಂಬರ್ ರಸ್ತೇದಾಗ ಅದು ಗುಂಯ್ ಅಂತಿತ್ತು, ಮಗಳು "ಅವ್ವಾ, ಯಾರೋ ಹಿಂದ ಹಿಡದ ಜಗ್ಗಿದಂಗ ಆಗತೈತಿ" ಅಂತಿದ್ಲು. ಐದ ತಿಂಗಳದಾಗ ನಡುವಿನ ಹಲ್ಲು ಬೋಳಾದ್ವು. ಎರಡನೇ ಸಲ ನಾ ಹಟಕ್ಕ ಬಿದ್ದ ತೆಳ್ಳಂದು, ನುಣ್ಣಂದು, ಸೋವಿದು 350 ರೂಪಾಯಿಗೆ ತಂದ್ನಿ. ಗಾಳಿ ಹಂಗ ಓಡ್ತು. ಆದ್ರ ಮುಳ್ಳ ಅನ್ನೂದ ಅದರಾಗ ಬೆಣ್ಯಾಗ ಚಾಕು ಹೋದಂಗ ಹೋಗ್ತಿತ್ತು. ಆ ಮೂರ ಪಂಚರ್ ಅದರ ಪುಣ್ಯಾನ.

ಗಟ್ಟಿನೂ ಇರಬೇಕು, ಹಗುರನೂ ಓಡಬೇಕು. ಎರಡೂ ಕೂಡಿದ್ದು ಸಿಗತೈತೇನು? ಸಿಗತೈತಿ. ಆದ್ರ ಹಿಂದಿನ ಗಾಲಿ ಅಂದ್ರ ಏನು ಅಂತ ಮೊದಲ ತಿಳ್ಕೋಬೇಕು.

ನಿಮ್ಮ ಕಾಲಾಗಿನ ಚಪ್ಪಲಿ ತಿರುವಿ ನೋಡ್ರಿ. ನಮ್ಮ ಅಥಣಿ ಚಪ್ಪಲಿ ಜಗಕ್ಕೆಲ್ಲಾ ಗೊತ್ತು. 2019ರಾಗ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಕ ಜಿಲ್ಲಾ ಸಂಗಟ ನಮ್ಮ ಬೆಳಗಾವಿ ಸೇರಿ ಕರ್ನಾಟಕದ ನಾಕ ಜಿಲ್ಲಾನೂ ಅದರಾಗ ಬಂದ್ವು. ಆ ಚಪ್ಪಲಿ ಮಾಡಾವ್ರು ಎಲ್ಲಾ ಕಡೆ ಒಂದ ತೊಗಲ ಹಾಕೂದಿಲ್ಲ. ಅಟ್ಟಿಗೆ ದಪ್ಪಂದು, ಪಟ್ಟಾಕ್ಕ ಮೆತ್ತಂದು. ಸೈಕಲ್ಲಿಗೂ ಅದ ಲೆಕ್ಕ. ಹಿಂದಿನ ಗಾಲಿ ಮ್ಯಾಲ ಹೊಡ್ಯಾವರ ಭಾರ ಹೆಚ್ಚು, ನೂರರಾಗ ಸುಮಾರ ಅರವತ್ತ ಪಾಲು ಅಲ್ಲೇ ಬೀಳತೈತಿ. ಕ್ಯಾರಿಯರಿಗೆ ಪಾಟೀಚೀಲ ಕಟ್ಟಿದ್ರ ಅದೂ ಹಿಂದನ. ಪೆಡಲ್ ತುಳದ ಜೋರೆಲ್ಲಾ ಚೈನಿನ ಮೂಲಕ ಹಿಂದಿನ ಗಾಲಿಗೆ ಬರತೈತಿ. ಅದಕ್ಕ ಹಿಂದಿಂದು ಮುಂದಿನಕಿಂತ ಲಗೂ ಸವೀತೈತಿ. ಮುಂದಿನ ಗಾಲಿ ದಾರಿ ಹಿಡೀಬೇಕು, ತಿರುವಿದಾಗ ಜಾರಬಾರದು. ಹಿಂದಿಂದು ಭಾರ ಹೊರಬೇಕು, ದಬ್ಬಬೇಕು, ಮತ್ತ ಹಗುರ ಉರುಳಬೇಕು. ಇಬ್ಬರಿಗೂ ಒಂದ ಕೆಲಸ ಹೇಳಿದ್ರ ಹೆಂಗ?

ಅಂಗಡಿಗೆ ಹೋದಾಗ ಮೊದಲ ನಡು ನೋಡ್ರಿ. ಟಾಯರಿನ ನಡುವಿನ ಹಲ್ಲು ಗಿಡ್ಡ ಇರಬೇಕು, ಒತ್ತೊತ್ತಾಗಿ ಇರಬೇಕು. ದೊಡ್ಡ ಬಿಡಿ ಹಲ್ಲು ನೆಲಕ್ಕ ಬಿದ್ದಾಗೊಮ್ಮೆ ಬಾಗತಾವ, ಎದ್ದಾಗೊಮ್ಮೆ ನೆಟ್ಟಗಾಗತಾವ. ಆ ಬಾಗೂದು ಏಳೂದರಾಗನ ಹುಡುಗಿ ಕಾಲಿನ ಶಕ್ತಿ ಹೋಗತೈತಿ. ಗಿಡ್ಡ ಹಲ್ಲು ಒತ್ತಾಗಿದ್ರ ಡಾಂಬರಿನ ಮ್ಯಾಲ ಹೆಚ್ಚುಕಮ್ಮಿ ಒಂದ ಪಟ್ಟಿ ಹಂಗ ಉರುಳತಾವ, ಭಾರ ಎಲ್ಲಾದಕ್ಕೂ ಹಂಚಿ ಸವತಾನೂ ಸಾವಕಾಶ ಆಗತೈತಿ. ಆಮ್ಯಾಲ ಅಂಚ ನೋಡ್ರಿ. ಅಲ್ಲಿ ಹಲ್ಲು ತುಸು ಎತ್ತರ ಇರಲಿ. ಗರಸಿನ ದಾರ್ಯಾಗ ಸೈಕಲ್ ವಾಲಿದಾಗ ಅವ ಹಿಡ್ಯಾವು. ನಡು ನುಣ್ಣಗ, ಅಂಚ ಒರಟ, ಇದ ನಮಗ ಬೇಕಾದ್ದು.

ಮೂರನೇದು ಬಟ್ಟಿ. ಟಾಯರ್ ಬರೇ ರಬ್ಬರ್ ಅಲ್ಲ, ಒಳಗ ನೂಲಿನ ಬಟ್ಟಿ ಇರತೈತಿ. ಒಂದ ಇಂಚಿನ್ಯಾಗ ಎಷ್ಟ ಎಳಿ ಅನ್ನೂದಕ್ಕ ಟಿಪಿಐ ಅಂತಾರ. 120 ಅಂದ್ರ ಸಣ್ಣ ಎಳಿ, ಹಗುರ, ಮೆತ್ತಗ, ನಾಜೂಕ. 27 ಇಲ್ಲಾ 30 ಅಂದ್ರ ದಪ್ಪ ಎಳಿ, ಜಮಖಾನಿ ಇದ್ದಂಗ, ಗಟ್ಟಿ ಆದ್ರ ಭಾರ. ಎಳಿ ಎಣಿಕಿ ಹೆಚ್ಚಂದ್ರ ಚಲೋ ಅಂತ ಸೀರಿ ಲೆಕ್ಕ ಇಲ್ಲಿ ಹಚ್ಚಬ್ಯಾಡ್ರಿ. ದಿನಾ ಮುಳ್ಳಿನ ದಾರಿ ತುಳ್ಯಾವ್ರಿಗೆ 60 ಸಿಕ್ರ ಛಲೋ, ಇಲ್ಲಾಂದ್ರ 30ರದ್ದೂ ನಡೀತೈತಿ. ನಾಕನೇದು ರಬ್ಬರ್. ಉಗರಲೇ ಒತ್ತಿ ನೋಡ್ರಿ, ಬದನಿಕಾಯಿ ನೋಡೂಹಂಗ. ಭಾಳ ಮೆತ್ತಗಿದ್ರ ಹಿಡಿತ ಚಲೋ, ಆದ್ರ ಲಗೂ ಸವೀತೈತಿ, ಓಟನೂ ಕಮ್ಮಿ. ಹಿಂದಕ್ಕ ತುಸು ಬಿರುಸನ ಇರಲಿ, ಮೆತ್ತಂದು ಬೇಕಾದ್ರ ಮುಂದಿಂದಕ್ಕ ಹಾಕ್ರಿ.

ಇನ್ನ ಅಳತಿ. ಇದರಾಗ ಭಾಳ ಮಂದಿ ಮೋಸ ಹೋಗ್ತೀವಿ. "26 ಇಂಚಿಂದು ಕೊಡು" ಅಂದ್ರ ಸಾಲೂದಿಲ್ಲ. ಗೇರಿನ ಸೈಕಲ್ಲಿನ 26 ಬ್ಯಾರೆ, ಹಳೇ ನಮೂನಿ ಲೇಡೀಸ್ ಸೈಕಲ್ಲಿನ 26 × 1 3/8 ಬ್ಯಾರೆ. ಒಂದರ ಟಾಯರ್ ಒಂದಕ್ಕ ಕೂಡೂದಿಲ್ಲ. ಟಾಯರಿನ ಬಾಜೂಕ್ಕ ಮೂರ ಅಂಕಿ ಸಣ್ಣಗ ಬರದಿರತೈತಿ: ಗೇರಿನ 26ಕ್ಕ 559, ಇಪ್ಪತ್ತೇಳೂವರಿಗೆ 584, 29ಕ್ಕ 622, ಹಳೇ ಲೇಡೀಸ್ ನಮೂನಿಗೆ 590. ಹಳೇ ಟಾಯರಿನ ಫೋಟೋ ಮೊಬೈಲನ್ಯಾಗ ಹೊಡಕೊಂಡ ಹೋಗ್ರಿ, ಬ್ಲೌಜಿನ ಅಳತಿ ಒಯ್ಯೂಹಂಗ. ಅಗಲ 1.95ರಿಂದ 2.1 ನಮ್ಮ ಹುಡುಗೀರಿಗೆ ಸಾಕು. ಬಾಜೂಕ್ಕ ಬಾಣದ ಗುರ್ತ ಇದ್ರ ಗಾಲಿ ಮುಂದ ಉರುಳೂ ದಿಕ್ಕಿಗೆ ಅದು ಬರಬೇಕು. ಹಾಕಾವ್ರು ಗಡಿಬಿಡ್ಯಾಗ ತಿರುವಿ ಹಾಕಿಬಿಡ್ತಾರ, ನಿಂತ ನೋಡ್ರಿ.

ಎಲ್ಲಾರಿಗೂ ಒಂದ ಟಾಯರ್ ಅಂತ ನಾ ಹೇಳಾಕ್ಹತ್ತಿಲ್ಲ. ಅಥಣಿ ಕಡೆ ಮಳಿ ಕಮ್ಮಿ, ಜಾಲಿ ಮುಳ್ಳು ನೆಗ್ಗಿನಮುಳ್ಳು ಭಾಳ, ಅಲ್ಲಿ ಬಟ್ಟಿ ಗಟ್ಟಿ ಇರೂದ ಮುಖ್ಯ. ನಿಪ್ಪಾಣಿ ಕಡೆ ತವಂದಿ ಘಾಟಿನಂಥ ಏರು ಇಳಕಲು ಇದ್ದಲ್ಲಿ ಅಂಚಿನ ಹಲ್ಲು, ಹಿಡಿತ ನೋಡಬೇಕು. ಕೃಷ್ಣಾ ದಂಡಿಯ ರಾಯಬಾಗ, ಕಾಗವಾಡದ ಎರಿ ಮಣ್ಣಿಗೆ ಮಳಿಗಾಲದಾಗ ನಾ ಹೇಳಿದ ಒತ್ತು ಹಲ್ಲಿನ ಟಾಯರ್ ಸೋಲತೈತಿ. ಕೆಸರ ತುಂಬಿ ಕಡಬು ಆಗತೈತಿ. ಬಿಡಿ ಹಲ್ಲಿಂದು ತುಸು ಕೆಸರ ಉದುರಸತೈತಿ, ಆದ್ರ ಹಸಿ ಎರ್ಯಾಗ ಅದೂ ಭಾಳ ದೂರ ಹೋಗೂದಿಲ್ಲ, ಸೈಕಲ್ ಹೆಗಲ ಮ್ಯಾಲನ ಬರಬೇಕು. ನಾಕ ವಾರದ ಕೆಸರಿನ ಸಲವಾಗಿ ವರ್ಷಪೂರ್ತಿ ಭಾರ ಜಗ್ಗೂದು ನನಗ ಸರಿ ಕಾಣೂದಿಲ್ಲ.

ಟಾಯರ್ ತಂದ ಮ್ಯಾಲ ಸಂಭಾಳಸೂದು ನಮ್ಮ ಕೈಯಾಗನ ಐತಿ. ಪಂಚರ್ ಆದಾಗ ಟ್ಯೂಬಿಗೆ ಪ್ಯಾಚ್ ಹಚ್ಚಿ ಹಂಗ ತುರುಕಬ್ಯಾಡ್ರಿ. ಒಂದ ಉಂಡಿ ಹತ್ತಿ ತಗೊಂಡ ಟಾಯರಿನ ಒಳಮೈ ಪೂರ್ತಿ ಸವರ್ರಿ. ಮುರದ ಮುಳ್ಳು ಇದ್ರ ಹತ್ತಿ ಅಲ್ಲೇ ಸಿಕ್ಕತೈತಿ, ಬೆರಳಿಗೂ ಚುಚ್ಚೂದಿಲ್ಲ. ನಮ್ಮ ಮೂರ ಪಂಚರದಾಗ ಎರಡ ಒಂದ ಮುಳ್ಳಿಂದ ಆಗಿದ್ವು ಅಂತ ನನಗ ಆಮ್ಯಾಲ ಗೊತ್ತಾತು! ಟ್ಯೂಬಿಗೆ ಬಾಜೂಬಾಜೂ ಎರಡ ತೂತ ಬಿದ್ದಿದ್ರ ಅದು ಮುಳ್ಳಲ್ಲ, ಗಾಳಿ ಕಮ್ಮಿ ಆಗಿ ತೆಗ್ಗಿನ್ಯಾಗ ರಿಮ್ಮ ಕಡದದ್ದು. ನಮ್ಮಾಕಿ ತೂಕ 48 ಕಿಲೋ, 2.1 ಅಗಲದ ಟಾಯರಿಗೆ ಹಿಂದ 35 ಪೌಂಡ್, ಮುಂದ ಎರಡ ಮೂರ ಕಮ್ಮಿ ಹಾಕ್ತೀವಿ. ಬಾಜೂಕ್ಕ ಬರದ ಹದ್ದಿನ್ಯಾಗ ಇರಬೇಕು ಅಷ್ಟ. ಎಂಟ ದಿನಕ್ಕೊಮ್ಮೆ, ರವಿವಾರ ತಲಿ ಎರಕೊಳ್ಳೂ ಮೊದಲ ಅಕಿನ ನೋಡ್ತಾಳ.

ಇನ್ನೊಂದು ನೆನಪ ಇರಲಿ. ಸವದ ಹಿಂದಿನ ಟಾಯರ್ "ಇನ್ನೂ ನಡೀತೈತಿ" ಅಂತ ಮುಂದ ಹಾಕಬ್ಯಾಡ್ರಿ. ಹಿಂದಿಂದು ಜಾರಿದ್ರ ಹುಡುಗಿ ಕಾಲ ಊರಿ ಉಳೀತಾಳ, ಮುಂದಿಂದು ಜಾರಿದ್ರ ಮಾರಿ ಮ್ಯಾಲ ಬೀಳ್ತಾಳ. ಎಳಿ ಕಂಡ್ರ, ಬಾಜೂಕ್ಕ ಬಿರಕು ಬಿಟ್ರ ಅದನ್ನ ಬಿಸಾಕೂದ ಚಲೋ.

ಈಗ ಖರ್ಚಿನ ಮಾತು. ಆ ಮೂರನೇ ಪಂಚರ್ ಆದ ವಾರ ನಾನ ಮಗಳನ್ನ ಕರಕೊಂಡ ಹೋಗಿ 850 ರೂಪಾಯಿದ ಟಾಯರ್ ತಂದ್ನಿ. ಮನ್ಯಾಗ "ಸೈಕಲ್ ಟಾಯರಿಗೆ ಎಂಟನೂರಾ!" ಅಂದ್ರು. ಹದಿನಾಕ ತಿಂಗಳಾತು, ನಡುವಿನ ಹಲ್ಲು ಇನ್ನೂ ಅದಾವ, ಪಂಚರ್ ಆಗಿದ್ದು ಒಂದ ಸಲ. 350ರದ್ದು ಎರಡ ತಂದು, ಪಂಚರಿಗೆ ರೊಕ್ಕ ಕೊಟ್ಟು, ಒಂದಿಷ್ಟ ದಿನ ಕಾಲೇಜ ತಪ್ಪಿಸಿದ್ರ ಲೆಕ್ಕ ಎಷ್ಟಾತು, ನೀವ ಹೇಳ್ರಿ. ಬೈಕಿನ ಟಾಯರಿಗೆ ಎರಡ ಸಾವಿರ ಕೊಡೂವಾಗ ಯಾರೂ ಹಿಂಗ ಕೇಳೂದಿಲ್ಲ.

ಗಾಳಿ ತುಂಬೂ ಟಾಯರ್ ಸೈಕಲ್ಲಿಗೆ ಬಳಕಿಗೆ ಬಂದದ್ದೂ ಒಂದ ಮನಿಯಿಂದನ. ಬೆಲ್‌ಫಾಸ್ಟ್ ಊರಿನ ದನದ ಡಾಕ್ಟರ್ ಜಾನ್ ಬಾಯ್ಡ್ ಡನ್‌ಲಪ್, ಸಣ್ಣ ಮಗನ ಮೂರ ಗಾಲಿ ಸೈಕಲ್ ಕಲ್ಲ ಹಾಸಿದ ದಾರ್ಯಾಗ ಕುಲುಕೂದ ನೋಡಿ ಅದನ್ನ ಮಾಡಿದ. 1888ರಾಗ ಪೇಟೆಂಟ್ ತಗೊಂಡ. ಮಗಾ ಹಗುರ ಓಡಲಿ ಅಂತ ಒಬ್ಬ ಅಪ್ಪ ಅಷ್ಟ ವಿಚಾರ ಮಾಡಿದ್ರ, ಮಗಳು ಹೊತ್ತಿಗೆ ಮನಿ ಮುಟ್ಟಲಿ ಅಂತ ನಾವು ಒಂದ ಟಾಯರ್ ತಿರುವಿ ನೋಡಾಕಾಗೂದಿಲ್ಲೇನು?

ಜಮಖಂಡಿ, ವಿಜಯಪುರ ಕಡೆ ಹುಡುಗೀರು ಸೈಕಲ್ ಹೊಡದ ದೇಶಮಟ್ಟದಾಗ ಪದಕ ತಂದಾರ. ನನ್ನ ಮಗಳು ಪದಕ ತರಬೇಕು ಅಂತ ನನಗ ಆಸೆ ಇಲ್ಲ. ಅಕಿ ಕಾಲೇಜ ಮುಗಿಸಿ, ಗೆಳತ್ಯಾರ ಸಂಗಟ ಎರಡ ಮಾತ ಆಡಿ, ದೀಪ ಹಚ್ಚೂದರಾಗ ತಾನ ಮನಿಗೆ ಬರಬೇಕು. ನಿನ್ನಿ ಬಂದ್ಲು. ಮಾವಾರು ಕಟ್ಟಿ ಮ್ಯಾಲನ ಕುಂತಿದ್ರು. ಸೈಕಲ್ಲಿನ ಹಿಂದಿನ ಗಾಲಿ ಹೆಬ್ಬಟ್ಟಲೆ ಒತ್ತಿ ನೋಡಿ, "ಗಾಳಿ ತುಸು ಕಮ್ಮಿ ಐತಿ ನೋಡವಾ" ಅಂದ್ರು.