ಎಚ್ ನಾಟ್ ಎಂಬ ಮಂತ್ರ ಮತ್ತು ಮೊಳೆಯದ ಬೀಜ

ನಮ್ಮ ಪದವಿಪೂರ್ವ ತರಗತಿಗಳಲ್ಲಿ ‘ಪ್ರಾಕ್ಕಲ್ಪನೆಯ ಪರೀಕ್ಷೆ’ ಎಂಬ ಹೆಸರಿನಲ್ಲಿ ನಡೆಯುತ್ತಿರುವುದನ್ನು ಮಂತ್ರಪಠಣವೆಂದು ಕರೆದರೆ ಸಂಖ್ಯಾಶಾಸ್ತ್ರ ಬೋಧಿಸುವ ಗೆಳೆಯರು ಮುನಿಯಬಹುದು. ಮುನಿಯಲಿ. ಮುನಿಸು ಇಳಿದ ಮೇಲಾದರೂ ತಮ್ಮ ತರಗತಿಯ ಯಾವುದಾದರೂ ಒಂದು ಮಗುವನ್ನು ನಿಲ್ಲಿಸಿ, “1.96 ಎಂಬುದು ಎಲ್ಲಿಂದ ಬಂತಮ್ಮ?” ಎಂದು ಕೇಳಿ ನೋಡಲಿ. “ಪುಸ್ತಕದಿಂದ ಸಾರ್” ಎಂಬುದಲ್ಲದೆ ಬೇರೆ ಉತ್ತರ ಬಂದರೆ ಆ ಉಪನ್ಯಾಸಕರಿಗೆ ನನ್ನ ನಮಸ್ಕಾರಗಳು.

ವಿಷಯ ತಿಳಿಯದ ಓದುಗರಿಗಾಗಿ ಎರಡು ಮಾತು. ಒಂದು ನಾಣ್ಯವನ್ನು 400 ಸಲ ಚಿಮ್ಮಿದಾಗ 216 ಸಲ ತಲೆ ಬಿತ್ತು, ನಾಣ್ಯ ನ್ಯಾಯವಾದದ್ದೇ? ದ್ವಿತೀಯ ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರ ಓದುವ ಮಗು ಹೀಗೆ ಬರೆಯುತ್ತದೆ: ತಲೆ ಬೀಳುವ ಪ್ರಮಾಣ ಅರ್ಧ ಎಂಬುದು ಶೂನ್ಯ ಪ್ರಾಕ್ಕಲ್ಪನೆ, ಅಂದರೆ ಎಚ್ ನಾಟ್. ಸಿಕ್ಕ ಪ್ರಮಾಣ 0.54, ವ್ಯತ್ಯಾಸ 0.04, ಮಾನಕ ದೋಷ 0.025, ಭಾಗಿಸಿದರೆ 1.6. ಅದು 1.96ಕ್ಕಿಂತ ಕಡಿಮೆಯಾದ್ದರಿಂದ ‘ಎಚ್ ನಾಟ್ ಅನ್ನು ಒಪ್ಪಿಕೊಳ್ಳಲಾಗಿದೆ’. ಕೆಳಗೆ ಒಂದು ಗೆರೆ, ಪೂರ್ಣ ಅಂಕ. ಆ ನಾಣ್ಯವನ್ನು ಯಾರೂ ಚಿಮ್ಮಲಿಲ್ಲ, ಯಾರಿಗೂ ಅದರಿಂದ ಲಾಭವಿಲ್ಲ, ನಷ್ಟವೂ ಇಲ್ಲ.

ನನ್ನ ಮೊದಲ ತಕರಾರು ಆ ‘ಒಪ್ಪಿಕೊಳ್ಳಲಾಗಿದೆ’ ಎಂಬ ಪದದ ಮೇಲೆ. ತಳ್ಳಿಹಾಕುವಷ್ಟು ಸಾಕ್ಷ್ಯ ಸಿಗಲಿಲ್ಲ ಎಂಬುದೇ ಬೇರೆ, ಸತ್ಯವೆಂದು ಸಿದ್ಧವಾಯಿತು ಎಂಬುದೇ ಬೇರೆ. ಸಾಕ್ಷ್ಯ ಸಾಲದೆ ಬಿಡುಗಡೆಯಾದ ಆರೋಪಿಯನ್ನು ಊರಿನವರು ಸತ್ಯಹರಿಶ್ಚಂದ್ರನೆಂದು ಮೆರವಣಿಗೆ ಮಾಡುತ್ತಾರೆಯೇ? ಪದವೊಂದರ ವ್ಯತ್ಯಾಸವೆಂದು ತಳ್ಳಿಹಾಕುವವರು ಮುಂದಿನ ಲೆಕ್ಕವನ್ನು ಗಮನಿಸಬೇಕು.

ನಮ್ಮ ಜಿಲ್ಲೆಯ ಶಿರಾ, ಮಧುಗಿರಿ, ಪಾವಗಡ ತಾಲ್ಲೂಕುಗಳು ಕಡಲೆಕಾಯಿಯ ಸೀಮೆ. ರೈತನ ಖರ್ಚಿನಲ್ಲಿ ಬಿತ್ತನೆ ಬೀಜದ್ದು ಬಹಳ ದೊಡ್ಡ ಪಾಲು. 1966ರ ಬೀಜ ಕಾಯಿದೆಯು ಮಾರಾಟದ ಬೀಜಕ್ಕೆ ಕನಿಷ್ಠ ಮೊಳಕೆಯ ಪ್ರಮಾಣವನ್ನು ನಿಗದಿಪಡಿಸುವ ವ್ಯವಸ್ಥೆಯನ್ನು ತಂದಿತು. ಪ್ರಮಾಣೀಕರಣದ ಮಾನದಂಡದಲ್ಲಿ ಕಡಲೆಕಾಯಿಗೆ ಅದು ಶೇಕಡಾ 70, ರಾಗಿಗೆ 75, ಭತ್ತಕ್ಕೆ 80. ಇದಕ್ಕಿಂತ ಒಳ್ಳೆಯ ‘ಪ್ರಮಾಣದ ಪರೀಕ್ಷೆ’ ನಮಗೆ ಎಲ್ಲಿ ಸಿಕ್ಕೀತು?

ಒಂದು ಚೀಲದಿಂದ 100 ಬೀಜ ತೆಗೆದು ಒದ್ದೆ ಗೋಣಿಬಟ್ಟೆಯಲ್ಲಿ ಸುತ್ತಿಟ್ಟೆವು ಎನ್ನಿ. 63 ಮೊಳೆತವು. ಪ್ರಮಾಣ 70ಕ್ಕಿಂತ ಕಡಿಮೆಯೇ ಎಂಬುದಷ್ಟೇ ನಮ್ಮ ಪ್ರಶ್ನೆಯಾದ್ದರಿಂದ ಇಲ್ಲಿ ಒಂದೇ ಬದಿಯ ಪರೀಕ್ಷೆ, ಗಡಿ 1.645. 0.7ನ್ನು 0.3ರಿಂದ ಗುಣಿಸಿ, 100ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಮಾನಕ ದೋಷ ಸುಮಾರು 0.046. ವ್ಯತ್ಯಾಸ 0.07. ಭಾಗಲಬ್ಧ 1.53. ಗಡಿ ದಾಟಲಿಲ್ಲ. ನಮ್ಮ ಮಗು ಅಭ್ಯಾಸಬಲದಿಂದ ‘ಎಚ್ ನಾಟ್ ಅನ್ನು ಒಪ್ಪಿಕೊಳ್ಳಲಾಗಿದೆ’ ಎಂದು ಬರೆಯುತ್ತದೆ. ಅಂದರೆ ಬೀಜ ಚೆನ್ನಾಗಿದೆ, ಬಿತ್ತಬಹುದು!

ಈಗ ಅದೇ ಚೀಲದಿಂದ 400 ಬೀಜ ತೆಗೆಯಿರಿ. ಬೀಜ ಪರೀಕ್ಷಾ ಪ್ರಯೋಗಾಲಯಗಳ ರೂಢಿಯೂ ಅದೇ, ನೂರು ನೂರರ ನಾಲ್ಕು ಗುಂಪು. 252 ಮೊಳೆತವು ಎನ್ನಿ. ಅದೂ ಶೇಕಡಾ 63ೇ. ಆದರೆ ಮಾನಕ ದೋಷ ಅರ್ಧಕ್ಕೆ ಇಳಿದು 0.023 ಆಗುತ್ತದೆ, ಭಾಗಲಬ್ಧ 3.06ಕ್ಕೆ ಏರುತ್ತದೆ. ಚೀಲ ತಿರಸ್ಕೃತ. ಅದೇ ಶೇಕಡಾವಾರು, ಎರಡು ತೀರ್ಪು! ನಿಜಕ್ಕೂ ಶೇಕಡಾ 63ರಷ್ಟೇ ಮೊಳೆಯುವ ಬೀಜರಾಶಿಯೊಂದು ನೂರು ಬೀಜದ ಪರೀಕ್ಷೆಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಸಲ ಪಾರಾಗಿಬಿಡುತ್ತದೆ; ನಾನೂರರ ಪರೀಕ್ಷೆಯಲ್ಲಿ ಹತ್ತರಲ್ಲಿ ಒಂದು ಸಲವಷ್ಟೇ ಪಾರಾದೀತು. ಹಾಗಿರುವಾಗ ನೂರು ಬೀಜವನ್ನು ನೋಡಿ ‘ಒಪ್ಪಿಕೊಂಡೆವು’ ಎಂದು ಬರೆಯುವುದು ರೈತನ ಹೊಲದ ಮೇಲೆ ಹಾಕುವ ಸುಳ್ಳು ಸಹಿಯಲ್ಲವೇ? ಇನ್ನು ಆ ನೂರು ಬೀಜವನ್ನು ಚೀಲದ ಬಾಯಿಯಿಂದಲೇ ಬಾಚಿಕೊಂಡರೋ, ಮೇಲೆ, ನಡುವೆ, ತಳದಿಂದ ತೆಗೆದರೋ ಎಂಬುದನ್ನು ಸೂತ್ರ ಕೇಳುವುದಿಲ್ಲ. ಕಾಳಿನ ವ್ಯಾಪಾರಿ ಮಾತ್ರ ಚೀಲಕ್ಕೆ ಚುಚ್ಚುವ ಕಬ್ಬಿಣದ ಕೊಳವೆಯನ್ನು ಹಿಡಿದೇ ಬರುತ್ತಾನೆ. ಶಾಲೆಯ ಮೆಟ್ಟಿಲು ಹತ್ತದಿದ್ದರೂ ಮಾದರಿ ಆಯ್ಕೆಯ ಪಾಠ ಅವನಿಗೆ ಗೊತ್ತು.

ನಿವೃತ್ತಿಯ ನಂತರ ನೆರೆಹೊರೆಯ ಮಕ್ಕಳು ಲೆಕ್ಕ ಹಿಡಿದುಕೊಂಡು ಬರುವುದುಂಟು. ಮಾನಕ ದೋಷಕ್ಕೆ 0.63ನ್ನು ಹಾಕದೆ 0.70ನ್ನು ಏಕೆ ಹಾಕಿದೆ ಎಂದು ಕೇಳಿದರೆ ಅವರಿಗೆ ದಿಗಿಲು. ಎಸ್‌ಎಸ್‌ಎಲ್‌ಸಿಯಲ್ಲಿ ಎರಡರ ವರ್ಗಮೂಲ ಅಭಾಗಲಬ್ಧವೆಂದು ಸಾಧಿಸಿದ್ದು ಹೇಗೆ ಎಂದು ನೆನಪಿಸಿದರೆ ಮುಖ ಅರಳುತ್ತದೆ. ಅಲ್ಲಿ ಅದು ಭಾಗಲಬ್ಧವೆಂದು ಸದ್ಯಕ್ಕೆ ಭಾವಿಸಿ ವಿರೋಧಾಭಾಸಕ್ಕೆ ತಲಪುತ್ತೇವೆ. ಇಲ್ಲಿಯೂ ಚೀಲದ ಮೇಲಿನ ಮಾತು ನಿಜವೆಂದು ಸದ್ಯಕ್ಕೆ ಭಾವಿಸಿಯೇ ಏರಿಳಿತವನ್ನು ಅಳೆಯುತ್ತೇವೆ. ಸಿಗುವುದು ವಿರೋಧಾಭಾಸವಲ್ಲ, ಅಸಂಭವ ಎನಿಸುವ ಸಂಗತಿ, ಅಷ್ಟೇ ಭೇದ. ಹೀಗೆ ಪ್ರಾಕ್ಕಲ್ಪನೆಯ ಬೆಲೆಯನ್ನೇ ಛೇದದಲ್ಲಿ ಇಟ್ಟು ಮಾಡುವ ಈ ಪರೀಕ್ಷೆ, ಸಿ.ಆರ್. ರಾವ್ ಅವರು 1948ರಲ್ಲಿ ಮಂಡಿಸಿದ ‘ಸ್ಕೋರ್’ ಪರೀಕ್ಷೆಯ ಅತಿ ಸರಳ ರೂಪ. ರಾವ್ ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನಹಡಗಲಿಯಲ್ಲಿ. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಪಡೆದು ಅದೇ ವರ್ಷ ತೀರಿಕೊಂಡರು. ಆ ಸೂತ್ರವನ್ನು ನೂರು ಸಲ ಬರೆಯುವ ಮಗುವಿಗೆ ಆ ಹೆಸರನ್ನು ಒಂದು ಸಲವಾದರೂ ಹೇಳಿದವರಿದ್ದಾರೆಯೇ?

ತುಮಕೂರಿನಿಂದ ಶಿರಾ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ವಸಂತನರಸಾಪುರದ ಕೈಗಾರಿಕಾ ಪ್ರದೇಶ ಸಿಗುತ್ತದೆ. 2014ರ ಸೆಪ್ಟೆಂಬರ್ 24ರಂದು ಪ್ರಧಾನಿ ನರೇಂದ್ರ ಮೋದಿಯವರು ಫುಡ್ ಪಾರ್ಕನ್ನು ಉದ್ಘಾಟಿಸಿದ್ದು ಅಲ್ಲಿಯೇ. ಸುತ್ತಲಿನ ಹಳ್ಳಿಗಳ ಹುಡುಗ ಹುಡುಗಿಯರು ಇಂಥ ಕಾರ್ಖಾನೆಗಳಿಗೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಸರಕಿನ ರಾಶಿಯಿಂದ ಕೆಲವನ್ನು ತೆಗೆದು ನೋಡಿ, ದೋಷವುಳ್ಳವನ್ನು ಎಣಿಸಿ, ಇಡೀ ರಾಶಿಯನ್ನು ಒಳಗೆ ಬಿಡಬೇಕೋ ಹಿಂದಕ್ಕೆ ಕಳಿಸಬೇಕೋ ಎಂದು ತೀರ್ಮಾನಿಸುವುದು ಕಾರ್ಖಾನೆಗಳ ನಿತ್ಯದ ಕೆಲಸ. ಒಳ್ಳೆಯ ರಾಶಿಯನ್ನು ಹಿಂದಕ್ಕೆ ಕಳಿಸಿದರೆ ಬೆಳೆದವನಿಗೆ ಪೆಟ್ಟು, ಕೆಟ್ಟದ್ದನ್ನು ಒಳಗೆ ಬಿಟ್ಟರೆ ತಿನ್ನುವವನಿಗೆ ಪೆಟ್ಟು. ನಮ್ಮ ಪಠ್ಯದಲ್ಲಿ ಇವು ‘ಮೊದಲನೆಯ ಬಗೆಯ ದೋಷ’, ‘ಎರಡನೆಯ ಬಗೆಯ ದೋಷ’ ಎಂಬ ಎರಡು ಅಂಕದ ಪ್ರಶ್ನೆಗಳು. ಗುಣಮಟ್ಟ ನಿಯಂತ್ರಣಕ್ಕೆ ಅದೇ ಪುಸ್ತಕದಲ್ಲಿ ಬೇರೊಂದು ಅಧ್ಯಾಯವೇ ಇದೆ. ಎರಡೂ ಅಕ್ಕಪಕ್ಕದ ಮನೆಯವರಾದರೂ ಮಾತಿಲ್ಲ ಕತೆಯಿಲ್ಲ.

ಇನ್ನು ಆ ಶೇಕಡಾ 5. ಅದು ವೇದವಾಕ್ಯವಲ್ಲ. 1925ರಲ್ಲಿ ಆರ್.ಎ. ಫಿಷರ್ ತಮ್ಮ ಗ್ರಂಥದಲ್ಲಿ ಅನುಕೂಲಕ್ಕೆಂದು ಸೂಚಿಸಿದ ಗಡಿ ಅದು. ನಾವು ಅದನ್ನು ಕಲ್ಲಿನಲ್ಲಿ ಕೆತ್ತಿದೆವು. ಯಾವ ತಪ್ಪು ಹೆಚ್ಚು ದುಬಾರಿ ಎಂದು ನೋಡಿಕೊಂಡು ಗಡಿಯನ್ನು ಇಡಬೇಕೆಂಬ ವಿವೇಚನೆಯನ್ನು ಜೆರ್ಜಿ ನೇಮನ್ ಮತ್ತು ಎಗಾನ್ ಪಿಯರ್ಸನ್ 1933ರಷ್ಟು ಹಿಂದೆಯೇ ಮುಂದಿಟ್ಟಿದ್ದರು. ನಮ್ಮ ಪ್ರಶ್ನೆಪತ್ರಿಕೆಗಳು ಗಡಿಯನ್ನು ತಾವೇ ಕೊಟ್ಟುಬಿಡುತ್ತವೆ. ಮಗು ಯೋಚಿಸಬೇಕಾದ ಒಂದೇ ಜಾಗವೂ ಅಲ್ಲಿಗೆ ಮುಚ್ಚಿತು.

“ಏಕೆ ಎಂಬುದೆಲ್ಲ ಬೇಡ ಸಾರ್, ಎಷ್ಟು ಎಂಬುದು ಬಂದರೆ ಪಾಸಾಗುತ್ತಾರೆ” ಎಂದು ಹಿಂದೊಮ್ಮೆ ಸಹೋದ್ಯೋಗಿಯೊಬ್ಬರು ನನಗೆ ಹೇಳಿದ್ದರು. ಒಳ್ಳೆಯ ಮನುಷ್ಯರು, ಮಕ್ಕಳ ಮೇಲಿನ ಕರುಣೆಯಿಂದಲೇ ಹೇಳಿದ ಮಾತು. ಪಾಸಾದ ಮಗು ಮನೆಗೆ ಹೋಗಿ, ಅಪ್ಪ ತಂದ ಬಿತ್ತನೆ ಚೀಲದ ಮುಂದೆ ಕುಳಿತು ಏನನ್ನೂ ಹೇಳಲಾರದೆ ಹೋದರೆ ಆ ಕರುಣೆಯಿಂದ ಆದ ಉಪಕಾರವೇನು?

ಸಮಯವಿಲ್ಲ ಎಂಬ ಆಕ್ಷೇಪ ಬರುತ್ತದೆಂದು ಬಲ್ಲೆ. ಕಡಲೆಬೀಜದ ಮೊಳಕೆ ಪರೀಕ್ಷೆಗೆ ಬೇಕಾದದ್ದು ಹತ್ತು ದಿನ. ಐದನೆಯ ದಿನ ಒಮ್ಮೆ, ಹತ್ತನೆಯ ದಿನ ಒಮ್ಮೆ ಎಣಿಸಿದರೆ ಮುಗಿಯಿತು. ತೊಡಕು ಬೇರೆಡೆ ಇದೆ. ರೈತನಿಗೆ ಈ ಲೆಕ್ಕ ಬೇಕಾಗುವುದು ಮುಂಗಾರಿನ ಬಿತ್ತನೆಗೆ ಮುಂಚೆ. ನಮ್ಮ ತರಗತಿಯಲ್ಲಿ ಈ ಅಧ್ಯಾಯ ತೆರೆಯುವ ಹೊತ್ತಿಗೆ ಗಿಡ ಕಿತ್ತು ಕಾಯಿ ಬಿಡಿಸಿ ಆಗಿರುತ್ತದೆ. ಆದ್ದರಿಂದ ಜೂನ್ ತಿಂಗಳಲ್ಲಿಯೇ ಪ್ರತಿ ಮಗುವೂ ಮನೆಯ ಬಿತ್ತನೆ ಬೀಜದಲ್ಲಿ ನೂರನ್ನು ತಂದು, ಒದ್ದೆ ಗೋಣಿಯಲ್ಲಿಟ್ಟು, ಮೊಳೆತದ್ದನ್ನು ಎಣಿಸಿ ನೋಟುಪುಸ್ತಕದ ಹಿಂಬದಿಯಲ್ಲಿ ಬರೆದಿಡಲಿ. ಅಧ್ಯಾಯ ಬಂದಾಗ ನಾಣ್ಯವನ್ನು ಬದಿಗಿಟ್ಟು ಆ ಪುಟವನ್ನು ತೆರೆಯಲಿ. ಅಷ್ಟರಲ್ಲಿ ಹೊಲದಲ್ಲಿ ಎಷ್ಟು ಹುಟ್ಟಿತ್ತೆಂಬುದೂ ಆ ಮಗುವಿಗೆ ಗೊತ್ತಿರುತ್ತದೆ.