ತನಿ ಎಂದರೆ ಕಾಫಿಯ ಗಂಟೆಯೇ?

ಕಳೆದ ತಿಂಗಳು ಇಲ್ಲೇ ದೆಹಲಿಯಲ್ಲಿ ಒಂದು ಕಛೇರಿ. ಗಾಯಕರು ಪ್ರಧಾನ ಕೃತಿಯ ಸ್ವರಪ್ರಸ್ತಾರ ಮುಗಿಸಿ ಮೃದಂಗದವರ ಕಡೆ ತಿರುಗಿ ತಲೆಯಾಡಿಸಿದರು. ಅದು ತನಿ ಆವರ್ತನಕ್ಕೆ ಸೂಚನೆ. ನಮ್ಮ ರಸಿಕ ಮಹಾಶಯರಿಗೆ ಮಾತ್ರ ಶಾಲೆಯ ಬಿಡುವಿನ ಗಂಟೆ! ಕುರ್ಚಿಗಳು ಕಿರುಗುಟ್ಟಿದವು, ಮೊಬೈಲುಗಳು ಹೊರಬಂದವು, ಅರ್ಧ ಸಭೆ ಕಾಫಿಯ ಮೇಜಿನ ಕಡೆ ನಡೆಯಿತು. ಇಪ್ಪತ್ತೈದು ದಾಟದ ಘಟದ ಹುಡುಗ ಖಾಲಿ ಕುರ್ಚಿಗಳಿಗೆ ನುಡಿಸಿದ. ಹದಿನೈದು ನಿಮಿಷವಾದರೂ ಸಲ್ಲಬೇಕಿದ್ದ ತನಿ ಐದೇ ನಿಮಿಷಕ್ಕೆ ಮುಗಿಯಿತು.

ನಾನೇನೂ ಹುಟ್ಟು ರಸಿಕನಲ್ಲ. ಎಷ್ಟೋ ವರ್ಷ ನಾನೂ ಹೀಗೆಯೇ ಎದ್ದು ಹೋದವನು. ಆದ್ದರಿಂದ ಹೋಗುವವರ ಸಬೂಬುಗಳೆಲ್ಲ ನನಗೆ ಬಾಯಿಪಾಠ.

ಮೊದಲನೆಯದು: "ನಮಗೆ ಲಯ ತಿಳಿಯದು, ಸ್ವಾಮಿ." ರಾಗವಾದರೂ ಎಷ್ಟು ಜನಕ್ಕೆ ತಿಳಿದಿದೆ? ಪಕ್ಕದವರನ್ನು ಕೇಳಿಕೊಂಡು ತಲೆದೂಗುವುದಿಲ್ಲವೇ? ಆದಿತಾಳಕ್ಕೆ ಎಂಟು ಎಣಿಕೆ. ಒಂದು ಪೆಟ್ಟು, ಮೂರು ಬೆರಳು. ಮತ್ತೆ ಪೆಟ್ಟು, ಬೀಸು, ಪೆಟ್ಟು, ಬೀಸು. ನಾನು ಬಿ.ಎಸ್ಸಿ.ಯಲ್ಲಿ ಓದಿದ ಗಣಿತ ಇದಕ್ಕೆ ಬೇಕಾಗಿಲ್ಲ. ಎಂಟರವರೆಗೆ ಎಣಿಸಲು ಬಂದರೆ ಸಾಕು. ಮೃದಂಗ, ಘಟ ಸರದಿಯಂತೆ ನುಡಿಯುತ್ತವೆ. ಸರದಿ ಕಿರಿದಾಗುತ್ತ ಬಂದು, ಎರಡೂ ಒಂದಾಗಿ, ಕೊನೆಗೆ ಕೋರ್ವೆ ಹಿಡಿಯುತ್ತವೆ. ಅದು ಮೂರು ಸಲ ಬರುತ್ತದೆ. ಮೊದಲ ಸಲ ತಬ್ಬಿಬ್ಬಾದರೂ ಚಿಂತೆಯಿಲ್ಲ. ಮೂರನೆಯ ಸಲ ಮುಗಿದು, ಗಾಯಕರು ಸಾಹಿತ್ಯ ಎತ್ತಿಕೊಳ್ಳುವ ಜಾಗಕ್ಕೆ ನಿಮ್ಮ ಕೈಯೂ ಸರಿಯಾಗಿ ಬಂದು ಸೇರಿದರೆ, ಆ ಸಂತೋಷವನ್ನು ಯಾವ ಕಾಫಿಯೂ ಕೊಡಲಾರದು.

ಎರಡನೆಯದು: "ಮೆಟ್ರೋ ತಪ್ಪುತ್ತದೆ." ಹೋಗಿ, ಬೇಡವೆನ್ನುವವರಾರು? ಎರಡು ಕೃತಿಗಳ ನಡುವೆ, ಸದ್ದಿಲ್ಲದೆ ಏಳಿ. ಆದರೆ ಮೆಟ್ರೋ ನೆಪದವರಲ್ಲಿ ಅನೇಕರು ತನಿ ಮುಗಿದೊಡನೆ ಮರಳಿ ಬರುತ್ತಾರಲ್ಲ! ಏಕೆಂದರೆ ಮುಂದೆ ದೇವರನಾಮವಿದೆ. ಕೈಯಲ್ಲಿ ಕೋರಿಕೆಯ ಚೀಟಿ ಬೇರೆ.

ನನ್ನ ತಕರಾರು ಇಲ್ಲಿಯೇ. ಸರಳೆ, ಜಂಟಿ, ಅಲಂಕಾರಗಳ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂದು ಪರಂಪರೆ ಹೇಳುತ್ತದೆ. ಏಳು ತಾಳಗಳು ಮಗುವಿನ ಕೈಗೆ ಹತ್ತುವುದು ಆ ಅಲಂಕಾರಗಳಿಂದಲೇ. ತಾಳಕ್ಕೆ ಬೆನ್ನು ತೋರಿಸಿ ದಾಸರ ಹಾಡಿಗೆ ಕೈಚಾಚುವುದು ಯಾವ ಕನ್ನಡಾಭಿಮಾನ?

ಕಛೇರಿ ನಡೆಸುವವರದೂ ತಪ್ಪಿದೆ. ತನಿಯ ಹೊತ್ತಿಗೆ ಸರಿಯಾಗಿ ಕಾಫಿ ತಂದಿಡುವವರು ಯಾರು? ಶಾಲು, ಹಾರ, ಭಾಷಣಗಳಿಗೆ ಮುಕ್ಕಾಲು ಗಂಟೆ ಕೊಟ್ಟು, ಪಕ್ಕವಾದ್ಯದವರಿಗೆ ಗಡಿಯಾರ ತೋರಿಸುವವರು ಯಾರು?

ಕಲ್ಲಿನಂತೆ ಕೂರಿ ಎಂದು ನಾನು ಹೇಳುತ್ತಿಲ್ಲ. ತಾಳ ಹಾಕಿ, ಮನಸ್ಸಿಗೆ ಹಿಡಿಸಿದರೆ 'ಭೇಷ್' ಎನ್ನಿ. ನುಡಿಸುವವರಿಗೂ ಅದು ಬೇಕು. ಮುಂದಿನ ಕಛೇರಿಯಲ್ಲಿ ತನಿ ಮುಗಿಯುವವರೆಗೆ ಒಮ್ಮೆ ಕುಳಿತು ನೋಡಿ. ಕಾಫಿ ಆರಿದರೆ ಮತ್ತೆ ಕಾಯಿಸಬಹುದು. ಆ ಹುಡುಗನ ಉತ್ಸಾಹ ಆರಿದರೆ ಕಾಯಿಸುವವರು ಯಾರು?