ಆಟ ಕಾಯಸ್ತದ, ಕಳ್ಳ ಕಾಯಗೊಡಂಗಿಲ್ಲ

ಮೊಬೈಲ್ ಗೇಮ್ ಅಂದ ಕೂಡ್ಲೆ ನಮ್ಮ ವಯಸ್ಸಿನ ಹೆಣ್ಣಮಕ್ಕಳು ಮಾರಿ ತಿರುವತಾರ. ಹುಡುಗೂರ ಕಣ್ಣು ಹಾಳ ಮಾಡೋ ಉದ್ಯೋಗ ಅನ್ನೋದ ಎಲ್ಲಾರ ಮಾತು. ಆದ್ರ ಗುಂಡ ಹೊಡಿಯೋ ಆಟ ಬ್ಯಾರೆ, ಬಣ್ಣದ ಹರಳು ಜೋಡಸೋ ಆಟ ಬ್ಯಾರೆ, ಓದಿ ಆಡೋ ಆಟ ಬ್ಯಾರೆ. ನಾ ಇವತ್ತ ಹೇಳಲಿಕ್ಕೆ ಹೊಂಟಿದ್ದು ಈ ಮೂರನೇ ನಮೂನಿದು. ಮೆಸೇಜ್ ಓದಕೋತ, ಮೆಸೇಜಿಗೆ ಉತ್ತರಾ ಕೊಡಕೋತ ಅಪರಾಧ ಪತ್ತೆ ಹಚ್ಚೋ ಆಟ. ಅದನ್ನ ಆಡೋರನ್ನ ನೋಡಿ ನಕ್ಕವರಿಗೂ, ಅದನ್ನ ಬಂದ್ ಮಾಡಸಬೇಕು ಅನ್ನೋರಿಗೂ ನನ್ನದೊಂದ ಮಾತ ಅದ.

ಆಟದ ಹೆಸರು ಡಸ್ಕ್‌ವುಡ್. ಜರ್ಮನಿಯ ಎವರ್‌ಬೈಟ್ ಅನ್ನೋ ಕಂಪನಿದು. 2019ರಾಗ ಶುರು ಆತು, ಹತ್ತನೇ ಎಪಿಸೋಡ್ ಬಂದು ಕಥಿ ಮುಗಿಯೋದ್ರಾಗ 2022 ಆಗಿತ್ತು. ಆಮ್ಯಾಲೆ ಅವರ ಮೂನ್‌ವೇಲ್ ಅಂತ ಇನ್ನೊಂದು ಶುರು ಮಾಡ್ಯಾರ. ಇದನ್ನ ನನ್ನ ಫೋನಿಗೆ ಹಾಕಿಕೊಟ್ಟಾಕಿ ನನ್ನ ತಂಗಿ ಮಗಳು. "ಮೌಶಿ, ನಿನಗ ಪತ್ತೇದಾರಿ ಕಾದಂಬರಿ ಹುಚ್ಚ ಅಲಾ, ಇದನ್ನ ಆಡಿ ನೋಡು" ಅಂದ್ಲು. ನಂದು ಪಿಯುಸಿ ತನಕಾ ಕಲತ ಇಂಗ್ಲೀಷ್. ಆದ್ರ ಇದ್ರಾಗ ಬರೋದು ಹುಡುಗೂರು ಬರಿಯೋ ಸಣ್ಣ ಸಣ್ಣ ಮೆಸೇಜ್, ಹಿಂಗಾಗಿ ಸಾವಕಾಶ ಓದಿದ್ರ ನಡೀತದ.

ಕಥಿ ಹಿಂಗದ. ಹ್ಯಾನಾ ಅನ್ನೋ ಹುಡುಗಿ ಕಾಣೆಯಾಗಿ 72 ತಾಸಾಗೇದ. ಆಕಿ ಗೆಳ್ಯಾ ಗೆಳತ್ಯಾರು ಗಾಬರಿಯಾಗ್ಯಾರ. ಅಷ್ಟರಾಗ ಕಾಣೆಯಾದಾಕಿ ಫೋನಿನಿಂದನ ಅವರಿಗೊಂದು ಮೆಸೇಜ್ ಬರತದ. ಅದ್ರಾಗ ಇರೋದು ಬರೇ ಒಂದು ನಂಬರ್. ಯಾರ ನಂಬರ್? ನಿಮ್ಮದು! ಆಟಾ ಆಡೋ ನಿಮ್ಮದು. ನಿಮಗ ಹ್ಯಾನಾ ಯಾರಂತ ಗೊತ್ತಿಲ್ಲ, ಆ ಊರು ಗೊತ್ತಿಲ್ಲ. ಆದ್ರ ಆ ಹುಡುಗೂರು ಒಬ್ಬೊಬ್ಬರ ನಿಮಗ ಮೆಸೇಜ್ ಮಾಡಲಿಕ್ಕೆ ಶುರು ಮಾಡತಾರ. ಒಬ್ಬಾಕಿ ಅಳತಾಳ, ಒಬ್ಬಾಂವ ಬೈತಾನ, ಒಬ್ಬಾಕಿಗೆ ನಿಮ್ಮ ಮ್ಯಾಲೇ ಸಂಶೇ. ನಡುವ ಜೇಕ್ ಅನ್ನೋ ಹ್ಯಾಕರ್ ಬರತಾನ. ಮಾರಿ ತೋರಸಂಗಿಲ್ಲ, ತಾ ಎಲ್ಲಿದ್ದೇನಿ ಅಂತ ಹೇಳಂಗಿಲ್ಲ, ಆದ್ರ ಹ್ಯಾನಾನ ಫೋಟೊ, ಫೈಲು ತಗದು ತಗದು ನಿಮ್ಮ ಮುಂದ ಇಡತಾನ. ಮಾರಿ ಇಲ್ಲದ ಮನಷ್ಯಾ ಅಂತ ಆ ಊರಾಗೊಂದು ಹಳೇ ಅಂಜಿಕಿ ಕಥಿ ಅದ, ಅದೂ ನಡುನಡುವ ತಲಿ ಎತ್ತತದ. ಕಡಿಗೆ ಯಾರು ಅಪರಾಧಿ ಅಂತ ನಾ ಹೇಳಂಗಿಲ್ಲ. ಆಡೋರ ಊಟದಾಗ ಕಲ್ಲ ಹಾಕಬಾರದು.

ನೀವು ಇದ್ರಾಗ ಏನೂ ಟೈಪ್ ಮಾಡಬೇಕಾಗಿಲ್ಲ. ಅವರ ಬರದಿಟ್ಟ ಎರಡೋ ಮೂರೋ ಉತ್ತರದಾಗ ಒಂದನ್ನ ಒತ್ತಬೇಕು. ಅಷ್ಟ. ಆದ್ರ ಆ ಒಂದ ಒತ್ತೋದ್ರಾಗ ಎದಿ ಹೆಂಗ ಡಬಡಬ ಅಂತದ ಅಂತೀರಿ! ರಾತ್ರಿ ಅಡಿಗಿ ಮನಿ ಸ್ವಚ್ಛ ಮಾಡಿ, ಮುಂಜಾನಿಗೆ ಅವಲಕ್ಕಿಗೆ ಶೇಂಗಾ ಹುರದಿಟ್ಟು ಕೂತಾಗ ಆಟದೊಳಗಿಂದ ಕಾಲ್ ಬರತದ. ಆಟ ಅಂತ ಗೊತ್ತಿದ್ರೂ ಕೈ ಹಿಂದ ಸರೀತದ. ಇದನ್ನ ಆಡಿದವರೆಲ್ಲಾ ಈ ಮಾತ ಹೇಳತಾರ.

ಆಡಿದವರು ಇನ್ನೊಂದ ಮಾತ ಹೇಳತಾರ, ಅದಕ್ಕ ಮಂದಿ ನಗತಾರ. ಭಾಳ ಹುಡುಗ್ಯಾರು ಈ ಜೇಕನ ಮ್ಯಾಲೆ ಜೀವಾ ಇಟ್ಟಾರ. ಖರೇನ ಪ್ರೀತಿ ಮಾಡ್ಯಾರ. ಅವನ ಬಗ್ಗೆ ತಾವ ಕಥಿ ಬರದಾರ, ಚಿತ್ರ ತಗದಾರ, ಅವಾಂವ ಆನ್‌ಲೈನ್ ಬರಲಿಲ್ಲಂದ್ರ ಚಡಪಡಿಸ್ಯಾರ. "ಇಲ್ಲದ ಮನಷ್ಯಾನ ಸಂಬಂಧ ಅಳೋದಂದ್ರ ಹುಚ್ಚಲ್ಲೇನು" ಅಂತ ನಮ್ಮ ಮನಿಯವರ ಪ್ರಶ್ನೆ. ನಾ ಅಂದೆ, "ನೀವು ರಾಜಕುಮಾರ್ ಸಿನೆಮಾ ನೋಡಿ ಟಾಕೀಜಿನಾಗ ಕಣ್ಣ ಒರಿಸಿಕೊಂಡಿದ್ದು ಯಾರ ಸಂಬಂಧ?" ಉತ್ತರಾ ಬರಲಿಲ್ಲ. ಪೇಪರ್ ಮಾರಿಗೆ ಅಡ್ಡ ಬಂತು.

ಆದ್ರ ಒಂದ ಫರಕ್ ಅದ, ಅದನ್ನ ನಾನೂ ಒಪ್ಪತೇನಿ. ಸಿನೆಮಾದಾಗಿನಾಂವ ನಿಮ್ಮನ್ನ ಏನೂ ಕೇಳಂಗಿಲ್ಲ. ನಾವು ಸಣ್ಣೋರಿದ್ದಾಗ ಓದತಿದ್ದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನೂ ನಿಮ್ಮನ್ನ ಏನೂ ಕೇಳತಿದ್ದಿಲ್ಲ. ತಾನ ಹುಡುಕತಿದ್ದ, ತಾನ ಹಿಡೀತಿದ್ದ, ನಾವು ಹಾಸಿಗ್ಯಾಗ ಮಲಕೊಂಡು ಓದತಿದ್ವಿ. ಇಲ್ಲಿ ಹಂಗಲ್ಲ. ನೀವು ಉತ್ತರಾ ಕೊಡೂತನಕಾ ಆ ಕಡೆಯವರು ಮುಂದ ಮಾತಾಡಂಗಿಲ್ಲ. ಒಬ್ಬರು ನಿಮ್ಮ ಉತ್ತರಕ್ಕ ಕಾಯ್ಲಿಕತ್ತಾರ ಅಂದ್ರ, ಅವರು ಇಲ್ಲದವರಾದ್ರೂ, ಮನಸಿಗೆ ಒಂದ ಋಣ ಬಿದ್ದಂಗ ಆಗತದ.

ಓದಿ ಆಡೋ ಅಪರಾಧದ ಆಟ ಈಗಿಂದೇನಲ್ಲ. ಅಮೇರಿಕಾದಾಗ ಇನ್ಫೋಕಾಮ್ ಅನ್ನೋ ಕಂಪನಿ 1982ರಾಗ ಡೆಡ್‌ಲೈನ್ ಅಂತ ಒಂದು ಆಟ ತಗದಿತ್ತು. ಮಾರ್ಕ್ ಬ್ಲ್ಯಾಂಕ್ ಅನ್ನೋರು ಬರದಿದ್ದು. ಅದ್ರಾಗ ಚಿತ್ರನ ಇದ್ದಿಲ್ಲ, ಬರೇ ಅಕ್ಷರ. ಒಬ್ಬ ದೊಡ್ಡ ಮನಷ್ಯಾ ಸತ್ತಾನ, ನೀವ ಪತ್ತೇದಾರ, ಹನ್ನೆರಡು ತಾಸಿನಾಗ ನಿಕಾಲಿ ಹಚ್ಚಬೇಕು. ಡಬ್ಬಿಯೊಳಗ ಪೊಲೀಸರ ಕಾಗದಪತ್ರ, ಲ್ಯಾಬಿನ ವರದಿ, ಹೆಣ ಬಿದ್ದ ಜಾಗಾದ ಫೋಟೊ, ಮೂರು ಗುಳಗಿ ಸೈತ ಇಟ್ಟು ಮಾರಿದ್ರಂತ. ಡಿಸ್ಕಿನಾಗ ಎಲ್ಲಾ ಹಿಡೀಲಿಲ್ಲ, ಅದಕ್ಕ ಉಳದದ್ದನ್ನ ಕಾಗದದ ಮ್ಯಾಲೆ ಕೊಟ್ರು. ಆ ಆಟದಾಗ ನೀವು ಅಧಿಕಾರ ಇದ್ದವರು. ನಿಮಗ ಬೇಕಾದ ಪ್ರಶ್ನೆ ನೀವ ಟೈಪ್ ಮಾಡಿ ಕೇಳಬಹುದಿತ್ತು, ಬೇಕಾದ ಖೋಲಿಗೆ ಹೋಗಬಹುದಿತ್ತು. ಮೂವತ್ತೇಳು ವರ್ಷದ ಮ್ಯಾಲೆ ಬಂದ ಡಸ್ಕ್‌ವುಡ್ಡಿನಾಗ ನಿಮಗ ಯಾವ ಅಧಿಕಾರನೂ ಇಲ್ಲ. ನಿಮ್ಮನ್ನ ಹಿಡದು ನಿಲ್ಲಸೋದು ಕಳಕಳಿ ಒಂದ. 'ನೀವಿಲ್ಲಂದ್ರ ಆಗಂಗಿಲ್ಲ' ಅನ್ನೋ ಭಾವನಾ ಒಂದ. ಹೆಣ್ಣಮಕ್ಕಳಿಗೆ ಇದು ಲಗೂ ನಾಟತದ. ನಮ್ಮ ಜೀವನಾನ ಆ ಮಾತಿನ ಮ್ಯಾಲೆ ನಡದದ ಅಲ್ರಿ.

ಅದಕ್ಕ ಜೇಕನ ಸಂಬಂಧ ಅತ್ತ ಹುಡುಗ್ಯಾರು ದಡ್ಡರಲ್ಲ ಅಂತ ನಾ ಅನ್ನೋದು. ಆದ್ರ ಇದ ಕಳಕಳಿನ್ನ ಹಿಡಕೊಂಡು ಕುತ್ತಿಗಿ ಕೊಯ್ಯೋರೂ ಫೋನಿನಾಗನ ಕೂತಾರಲ್ಲ, ಅದು ನನ್ನ ಚಿಂತಿ.

ನಮ್ಮ ಓಣಿಯೊಳಗ ಒಬ್ಬರು ರಿಟೈರ್ ಆದ ಟೀಚರಬಾಯಿ ಇದ್ದಾರ. ಒಬ್ಬರ ಇರತಾರ, ಮಗಾ ಸೊಸಿ ಪರಊರಾಗ. ಅವರಿಗೊಂದು ಕಾಲ್ ಬಂತು. ನಿಮ್ಮ ಹೆಸರಿನಾಗ ಪಾರ್ಸಲ್ ಸಿಕ್ಕದ, ಅದ್ರಾಗ ಮಾದಕ ವಸ್ತು ಅದ ಅಂದ್ರಂತ. ಆಮ್ಯಾಲೆ ವಿಡಿಯೋ ಕಾಲಿನಾಗ ಪೊಲೀಸ್ ಡ್ರೆಸ್ಸಿನಾಂವ ಬಂದ, 'ನೀವು ಡಿಜಿಟಲ್ ಅರೆಸ್ಟ್ ಆಗೀರಿ, ಕ್ಯಾಮೆರಾ ಬಂದ್ ಮಾಡಬ್ಯಾಡ್ರಿ, ಮಗಗೂ ಹೇಳಬ್ಯಾಡ್ರಿ, ಹೇಳಿದ್ರ ಅವನ್ನೂ ಒಳಗ ಹಾಕತೇವಿ' ಅಂದ. ಎರಡ ದಿವಸ ಆ ತಾಯಿ ಫೋನಿನ ಮುಂದ ಕೂತಿದ್ರು. ನಡುವ ನಾ ಶಾವಿಗಿ ಕೊಡಲಿಕ್ಕೆ ಹೋಗಿದ್ದೆ. ಬಾಗಲಾ ಅರ್ಧಾ ತಗದು, ಡಬ್ಬಿ ಇಸ್ಕೊಂಡು, "ಸ್ವಲ್ಪ ತಲಿ ನೋಯ್ಲಿಕತ್ತದವಾ, ಆಮ್ಯಾಲೆ ಮಾತಾಡೋಣು" ಅಂದು ಬಾಗಲಾ ಹಾಕ್ಕೊಂಡ್ರು. ನನ್ನ ನಡುವ, ಅವರ ನಡುವ ಇದ್ದಿದ್ದು ಒಂದು ಮೊಳದ ಜಾಗಾ. ಒಂದ ಮಾತ ಅಂದಿದ್ರ ಸಾಕಿತ್ತು. ಅನ್ನಲಿಲ್ಲ, ಯಾಕಂದ್ರ ಮಗನ ಹೆಸರಿನ ಅಂಜಿಕಿ. ಎಫ್‌ಡಿ ಮುರಿಸಿ ರೊಕ್ಕಾ ಕಳಸಿಬಿಟ್ಟಿದ್ರು. ಮುಂದ ಮಂದಿ "ಟೀಚರ್ ಆಗಿದ್ದವರಿಗೆ ಇಷ್ಟೂ ತಿಳಿಲಿಲ್ಲಾ?" ಅಂದ್ರಲ್ಲ, ಅವರಿಗೆ ರೊಕ್ಕಾ ಹೋದದ್ದಕ್ಕಿಂತಾ ಅದು ಭಾಳ ಹತ್ತೇದ. ಈಗ ಗುಡಿಗೆ ಬರೋದ ಬಿಟ್ಟಾರ.

ಆಟಕ್ಕೂ ಈ ಕಳ್ಳತನಕ್ಕೂ ಏನ ಸಂಬಂಧ ಅಂತೀರೇನು? ಎರಡೂ ಆಗೋದು ಒಂದ ರೀತಿ. ಗುರ್ತಿಲ್ಲದ ನಂಬರ್. ನಿಮ್ಮ ಮ್ಯಾಲೆ ಒಂದು ಜವಾಬ್ದಾರಿ. ಅವಸರ. ಗುಟ್ಟು. ಮತ್ತ ಅವರ ಕೊಟ್ಟ ಎರಡ ಉತ್ತರದಾಗ ಒಂದನ್ನ ಆರಿಸೋದು. ಹಂಗಾದ್ರ ಇಂಥಾ ಆಟ ಬಂದ್ ಮಾಡಬೇಕಲ್ಲಾ ಅಂತ ನಮ್ಮ ಮನಿಯವರ ವಾದ. ಟೀಚರಬಾಯಿ ಯಾವ ಆಟಾನೂ ಆಡಿದವರಲ್ಲ, ಆದ್ರೂ ಮೋಸಾ ಹೋದ್ರು. ಆಡದ ಇದ್ದದ್ದು ಅವರನ್ನ ಉಳಸಲಿಲ್ಲ.

ನಾ ಹೇಳೋದು ಉಲ್ಟಾ ಅದ. ಡಸ್ಕ್‌ವುಡ್ ಆಡೋರ ದೊಡ್ಡ ತಕರಾರು ಯಾವುದು ಗೊತ್ತದ ಏನು? ಕಾಯಸತದ ಅನ್ನೋದು. ಅಳೋ ಹುಡುಗಿ ಮುಂದಿನ ಮಾತ ಓದಬೇಕಂದ್ರ ನಡುವ ಬಣ್ಣದ ಹರಳು ಜೋಡಸೋ ಆಟ ಆಡಬೇಕು. ಒಂದ ಎಪಿಸೋಡ್ ಮುಗದ ಮ್ಯಾಲೆ ಮುಂದಿಂದು ಬರಲಿಕ್ಕೆ ಆಗ ತಿಂಗಳಗಟ್ಟಲೆ ಕಾಯಬೇಕಿತ್ತು. ಹತ್ತು ಎಪಿಸೋಡಿಗೆ ಮೂರು ವರ್ಷ ಅಂದ್ರ ನೀವ ಲೆಕ್ಕಾ ಹಾಕ್ರಿ. ಆಡೋರು ಬೈದಾರ, ಬೇಜಾರಾಗ್ಯಾರ, ಕೆಲವರು ನಡುವ ಬಿಟ್ಟಾರ. ನನಗೂ ಆ ಹರಳಿನ ಆಟದ ಮ್ಯಾಲೆ ಸಿಟ್ಟ ಅದ. ಆದ್ರ ಆ ತಡಾ ಆಗೋದ್ರಾಗನ ನಾ ಹಾಲ ಕಾಸಿದೆ, ಬ್ಯಾಳಿ ಕುಕ್ಕರಿಗೆ ಇಟ್ಟೆ, ತಂಗಿ ಮಗಳಿಗೆ ಫೋನ್ ಹಚ್ಚಿ "ಇಂವಾ ಹಿಂಗಂತಾನಲ್ಲ, ನಂಬಬೇಕೋ ಬ್ಯಾಡೋ" ಅಂತ ಕೇಳಿದೆ. ಮನಿಯವರೂ ಬೈಕೋತನ "ಆ ಮೊದಲ್ನೇ ಹುಡುಗಾ ಸುಳ್ಳ ಹೇಳಲಿಕತ್ತಾನ ನೋಡು" ಅಂದ್ರು. ಆಟ ಕಾಯಸ್ತದ, ಕಾಯೋದ್ರಾಗ ವಿಚಾರ ಹುಟ್ಟತದ, ನಾಕ ಮಂದಿ ಸೇರತಾರ. ಕಳ್ಳ ಕಾಯಗೊಡಂಗಿಲ್ಲ. ಅವಗ ಗೊತ್ತದ, ಆ ಟೀಚರಬಾಯಿ ಒಂದ ತಾಸು ಫೋನ್ ಕೆಳಗಿಟ್ಟು ಚಹಾ ಕುಡದ್ರ ಅವನ ನಾಟಕ ಮುಗೀತು. ಅದಕ್ಕ ಕ್ಯಾಮೆರಾ ಬಂದ್ ಮಾಡಬ್ಯಾಡ್ರಿ ಅನ್ನೋದು.

2024ರ ಅಕ್ಟೋಬರಿನಾಗ ಪ್ರಧಾನಮಂತ್ರಿಗಳು ಮನ್ ಕೀ ಬಾತ್‌ದಾಗ ಇದನ್ನ ಹೇಳಿದ್ರು. ಡಿಜಿಟಲ್ ಅರೆಸ್ಟ್ ಅನ್ನೋದು ಕಾನೂನಿನಾಗ ಇಲ್ಲನ ಇಲ್ಲ, ಮೊದಲ ತಡೀರಿ, ವಿಚಾರ ಮಾಡ್ರಿ, ಆಮ್ಯಾಲೆ ಏನ ಮಾಡಬೇಕೋ ಮಾಡ್ರಿ ಅಂತ. ಆ ಮೊದಲ್ನೇ 'ತಡೀರಿ' ಅನ್ನೋದ ಎಲ್ಲಾದಕ್ಕಿಂತಾ ತ್ರಾಸಿಂದು. ಅದಕ್ಕ ಅಭ್ಯಾಸ ಬೇಕು. ರೊಕ್ಕಾ ಹೋಗದ ಜಾಗಾದಾಗ ಆ ಅಭ್ಯಾಸ ಆದ್ರ ಛಲೋನ ಆತಲ್ಲ?

ಆಟದ ಒಂದ ಕೊರತಿನೂ ಹೇಳತೇನಿ. ಆ ಎರಡ ಮೂರ ಉತ್ತರದಾಗ 'ತಡೀರಿ, ನಮ್ಮ ಮನ್ಯಾಗ ಕೇಳಿ ಹೇಳತೇನಿ' ಅನ್ನೋದು ನನಗ ಒಮ್ಮೆನೂ ಸಿಗಲಿಲ್ಲ. ಆಟದೊಳಗಿನ 'ನೀವು' ಅನ್ನೋ ಮನಷ್ಯಾಗ ಅವ್ವ ಅಪ್ಪ ಇಲ್ಲ, ಅತ್ತಿ ಇಲ್ಲ, ಬಾಗಲಾ ಬಡಿಯೋ ಬಾಜೂ ಮನಿಯವರಿಲ್ಲ. ಕಥಿ ನಡಿಬೇಕಂದ್ರ ಹಂಗ ಇರಬೇಕಾಗತದ, ಇರವಲ್ದ್ಯಾಕ. ಆದ್ರ ಆಡೋ ಹುಡುಗೂರಿಗೆ ನಾವು ಹೇಳಬೇಕು, ಆ ಬಟನ್ ಆಟದಾಗ ಇಲ್ಲ, ಆದ್ರ ನಿನ್ನ ಕಡೆ ಅದ.

ಅದನ್ನ ಹೇಳಬೇಕಂದ್ರ ನಾವೂ ಒಂದ ಕಲೀಬೇಕು. ಹುಡುಗಿ ಬಂದು "ನಂಗ ಜೇಕ್ ಭಾಳ ಸೇರತಾನ" ಅಂದಾಗ ನಕ್ಕುಬಿಟ್ರ, ನಾಳೆ ಖರೇ ಖರೇ ಯಾವನರ ಮಾರಿ ಇಲ್ಲದಾಂವ ಮೆಸೇಜ್ ಮಾಡಿದ್ರ ಆಕಿ ನಮಗ್ಯಾಕ ಹೇಳ್ಯಾಳು? ಟೀಚರಬಾಯಾರಿಗೆ "ಇಷ್ಟೂ ತಿಳಿಲಿಲ್ಲಾ" ಅಂದ ಮಂದಿ ಮುಂದ ಇನ್ನೊಬ್ಬ ಮುದುಕಿ ಬಾಯಿ ಬಿಟ್ಟಾಳೇನು? ನಾವು ನಗೋದರಿಂದನ ಕಳ್ಳರ ಗುಟ್ಟು ಗುಟ್ಟಾಗಿ ಉಳೀತದ.

ಹಿಂಗಾಗಿ ನಮ್ಮ ಮನ್ಯಾಗ ನಾ ಒಂದ ರೂಲ್ ಮಾಡೇನಿ. ಫೋನಿನಾಗ ಯಾರರ 'ಇದನ್ನ ಯಾರಿಗೂ ಹೇಳಬ್ಯಾಡ' ಅಂದ್ರ, ಅದನ್ನ ಮೊದಲ ಮನ್ಯಾಗ ಹೇಳಬೇಕು. ಕೇಳಿದವರು ನಗಬಾರದು, ಬೈಬಾರದು, ಮೊದಲ ಕೂತು ಕೇಳಬೇಕು. ರೊಕ್ಕಾ ಹೋಗಿದ್ರ ಆ ಗಳಿಗ್ಯಾಗನ 1930ಕ್ಕ ಫೋನ್ ಹಚ್ಚಬೇಕು, ಎಷ್ಟು ಲಗೂ ಹಚ್ಚತೀವೋ ಅಷ್ಟು ಛಲೋ. ಆ ನಂಬರನ್ನ ಫ್ರಿಜ್ಜಿನ ಮ್ಯಾಲೆ, ಗ್ಯಾಸಿನಾಂವನ ನಂಬರಿನ ಬಾಜೂಕ ಬರದು ಹಚ್ಚೇನಿ. ಟೀಚರಬಾಯಾರ ಮನಿಗೆ ಈಗ ವಾರಕ್ಕ ಎರಡ ಸಲಾ ಹೋಗತೇನಿ. ಆ ಸುದ್ದಿ ನಾ ತಗ್ಯಂಗಿಲ್ಲ. ಮೊನ್ನೆ ಅವರ ತಾವಾಗೇ ತಗದ್ರು.

ನಿಮ್ಮ ಮನಿ ಹುಡುಗೂರು ಇಂಥಾ ಆಟಾ ಆಡಲಿಕತ್ತಿದ್ರ ಫೋನ್ ಕಸಗೋಬ್ಯಾಡ್ರಿ. ಬಾಜೂಕ ಕೂತು "ಯಾರ ಮ್ಯಾಲೆ ಸಂಶೇ ಅದ ನಿನಗ?" ಅಂತ ಒಂದ ಮಾತ ಕೇಳ್ರಿ.